‘ನೀವು ಅರ್ಹರಲ್ಲ’ ಎಂಬ ಇ-ಮೇಲ್: ಕೆಲಸದ ಗ್ಯಾರಂಟಿ ಕೊಟ್ಟ ತರಬೇತಿ ಸಂಸ್ಥೆ, ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ಮೊತ್ತ ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ. ಸಂಸ್ಥೆಯ ಹೆಸರನ್ನಾಗಲಿ, ಸಾಲ ಕೊಟ್ಟ ಕಂಪನಿಯ ಹೆಸರನ್ನಾಗಲಿ ಹೇಳಿಲ್ಲ.)

ಸಲಹೆಗೆ ಬಂದವರು 23 ವರ್ಷದ ಯುವತಿ, ಬಿ.ಕಾಂ. ಪದವೀಧರೆ, ಹಾವೇರಿ ಜಿಲ್ಲೆಯವರು. ಜೊತೆಗೆ ತಂದೆಯೂ ಬಂದಿದ್ದರು. ಸಾಲಕ್ಕೆ ಜಂಟಿ ಸಹಿ ಅವರದೇ. ಬೆಂಗಳೂರಿನ ಸಾಫ್ಟ್‌ವೇರ್ ತರಬೇತಿ ಸಂಸ್ಥೆಯೊಂದರಲ್ಲಿ ಮಗಳು ಐದು ತಿಂಗಳ ‘ಫುಲ್ ಸ್ಟ್ಯಾಕ್’ ಕೋರ್ಸ್ ಮುಗಿಸಿ ಎರಡು ತಿಂಗಳಾಗಿತ್ತು. ಶುಲ್ಕ 85,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,00,300. ಯುಪಿಐಯಲ್ಲಿ 4,300 ಕಟ್ಟಿದ್ದರು. ಉಳಿದ 96,000ಕ್ಕೆ ತಿಂಗಳಿಗೆ 8,000ದಂತೆ ಹನ್ನೆರಡು ಕಂತು. ಇದನ್ನು ಸಂಸ್ಥೆ ಕೊಟ್ಟ ಕಂತಿನ ಸೌಲಭ್ಯ ಎಂದೇ ಮನೆಯವರು ತಿಳಿದಿದ್ದರು. ನಿಜದಲ್ಲಿ ಅದು ಬ್ಯಾಂಕೇತರ ಹಣಕಾಸು ಕಂಪನಿಯೊಂದು ಕೊಟ್ಟ ಸಾಲ. ಪ್ರವೇಶದ ದಿನ ಮೊಬೈಲಿಗೆ ಬಂದ ಒಟಿಪಿಗಳನ್ನು ಹೇಳಿದಾಗಲೇ ಸಾಲದ ಕರಾರಿಗೂ ಒಪ್ಪಿಗೆ ಬಿದ್ದಿತ್ತು.

ಹಣಕ್ಕಿಂತ ಹೆಚ್ಚಾಗಿ ಆ ಯುವತಿಯನ್ನು ಕೊರೆಯುತ್ತಿದ್ದದ್ದು ಸಂಸ್ಥೆಯಿಂದ ಬಂದ ಒಂದು ಇ-ಮೇಲ್. ಪಿಯುಸಿಯಲ್ಲಿ ಶೇ 60 ಅಂಕ ಇಲ್ಲದ್ದರಿಂದ ನೀವು ಪ್ಲೇಸ್‌ಮೆಂಟ್ ಗ್ಯಾರಂಟಿಗೆ ಅರ್ಹರಲ್ಲ ಎಂದು ಅದರಲ್ಲಿತ್ತು. ತನ್ನಲ್ಲೇ ಯೋಗ್ಯತೆ ಇಲ್ಲ, ಅಪ್ಪನ ದುಡ್ಡು ಹಾಳು ಮಾಡಿದೆ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು. ಕಡತ ಪೂರ್ತಿ ಓದಿದಾಗ ಕಂಡದ್ದು ಬೇರೆ. ಅವರ ಪಿಯುಸಿ ಅಂಕ ಶೇ 54. ಪ್ರವೇಶದ ದಿನವೇ ಅಂಕಪಟ್ಟಿಯ ಜೆರಾಕ್ಸ್ ಪಡೆದು, ಮೊಹರು ಒತ್ತಿ, ತಾರೀಖು ಹಾಕಿ ಸ್ವೀಕೃತಿ ಕೊಟ್ಟಿದ್ದರು. ಅಂದರೆ ‘ಶೇ 100 ಪ್ಲೇಸ್‌ಮೆಂಟ್ ಗ್ಯಾರಂಟಿ, ಕೆಲಸ ಸಿಗದಿದ್ದರೆ ಪೂರ್ತಿ ಹಣ ವಾಪಸ್’ ಎಂದು ಹೇಳಿ ಹಣ ಕಟ್ಟಿಸಿಕೊಂಡ ದಿನವೇ, ಆ ಗ್ಯಾರಂಟಿ ಇವರಿಗೆ ಅನ್ವಯಿಸುವುದಿಲ್ಲವೆಂಬುದು ಸಂಸ್ಥೆಗೆ ಗೊತ್ತಿತ್ತು. ಅವರ ಕೈಯಲ್ಲಿದ್ದ ಅತಿ ಗಟ್ಟಿ ಸಾಕ್ಷ್ಯ ಆ ಇ-ಮೇಲೇ ಎಂದು ಹೇಳಿದಾಗ ಮೊದಲು ನಂಬಲಿಲ್ಲ. ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ತಾರೀಖು ತೋರಿಸಬೇಕಾಯಿತು.

ಲೆಕ್ಕದಲ್ಲಿ ಅಡಗಿರುವುದು

ಜಾಹೀರಾತು ಕನ್ನಡದ ರೀಲ್. ಕರಾರು ಹದಿನಾಲ್ಕು ಪುಟದ ಇಂಗ್ಲಿಷ್. ಅದರಲ್ಲಿ ‘ಗ್ಯಾರಂಟಿ’ ಪದ ಮಾಯವಾಗಿ ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಬಂದಿತ್ತು. ಷರತ್ತುಗಳು ಒಂದರ ಹಿಂದೊಂದು: ಹಾಜರಾತಿ ಶೇ 90, ಅಣಕು ಪರೀಕ್ಷೆಗಳಲ್ಲಿ ಶೇ 75, ಒಂದು ಸಂದರ್ಶನವನ್ನೂ ತಪ್ಪಿಸಬಾರದು, ಹತ್ತನೇ ತರಗತಿಯಿಂದ ಪದವಿಯವರೆಗೆ ಎಲ್ಲ ಹಂತದಲ್ಲೂ ಶೇ 60. ಸಂಸ್ಥೆ ಕೊಡಿಸಿದ ‘ಅವಕಾಶ’ಗಳು ನಾಲ್ಕು. ಎರಡು, ಯಾರು ಬೇಕಾದರೂ ಅರ್ಜಿ ಹಾಕಬಹುದಾದ ಉದ್ಯೋಗ ಜಾಲತಾಣದ ಲಿಂಕ್‌ಗಳು. ಒಂದು ಸಾಮೂಹಿಕ ಸಂದರ್ಶನ. ನಾಲ್ಕನೆಯದು ಅದೇ ಸಂಸ್ಥೆಯಲ್ಲಿ 14,000 ಸಂಬಳದ ಟೆಲಿಕಾಲಿಂಗ್. ಮುಂದಿನ ಬ್ಯಾಚಿಗೆ ಇದೇ ಕೋರ್ಸ್ ಮಾರುವ ಕೆಲಸ. ಅದನ್ನು ಇವರು ಒಲ್ಲೆ ಎಂದದ್ದೇ ತಡ, ‘ಆಫರ್ ನಿರಾಕರಿಸಿದ್ದಾರೆ’ ಎಂದು ದಾಖಲೆಯಲ್ಲಿ ಬಿತ್ತು.

ಶೇ 100 ಎಂಬುದು ಹುಟ್ಟುವ ಬಗೆ ಇದು. ಉದಾಹರಣೆಗೆ 200 ಮಂದಿ ಸೇರಿದರು, 150 ಮಂದಿ ಮುಗಿಸಿದರು ಎನ್ನಿ. ಷರತ್ತುಗಳ ಜರಡಿ ಹಿಡಿದ ಮೇಲೆ ‘ಅರ್ಹರು’ 60 ಮಂದಿ ಉಳಿದರು, 60 ಆಫರ್ ಹೊರಟವು, ಅದರಲ್ಲಿ 20 ಟೆಲಿಕಾಲಿಂಗ್. ಅರುವತ್ತಕ್ಕೆ ಅರುವತ್ತು, ಶೇ 100. ಕಲಿತದ್ದಕ್ಕೆ ಸಂಬಂಧಿಸಿದ ಕೆಲಸ ಸಿಕ್ಕವರನ್ನು ಸೇರಿದವರ ಸಂಖ್ಯೆಯಿಂದ ಭಾಗಿಸಿದರೆ ಶೇ 20. ಹೀಗಾಗಿ ಸೇರುವ ಮೊದಲು ‘ಪ್ಲೇಸ್‌ಮೆಂಟ್ ಎಷ್ಟು’ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಬ್ಯಾಚು, ಎಷ್ಟು ಜನ ಹಣ ಕಟ್ಟಿದರು, ಎಷ್ಟು ಜನರಿಗೆ ಯಾವ ಹುದ್ದೆ, ಎಷ್ಟು ಸಂಬಳ, ಕೋರ್ಸ್ ಮುಗಿದು ಎಷ್ಟು ತಿಂಗಳೊಳಗೆ ಎಂದು ಬರಹದಲ್ಲಿ ಕೇಳಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ವೃತ್ತಿ ಕಾಲೇಜುಗಳ 2009ರ ಕಾನೂನು ಈ ಲೆಕ್ಕವನ್ನು ಕಾಲೇಜಿನ ಮರ್ಜಿಗೆ ಬಿಟ್ಟಿಲ್ಲ. ಕೋರ್ಸ್ ಮುಗಿಸಿದವರ ಪ್ರಮಾಣ, ಕೆಲಸ ಸಿಕ್ಕವರ ಪ್ರಮಾಣ ಮತ್ತು ಸಂಬಳವಿರುವ ‘ಸ್ಕೂಲ್ ಪರ್ಫಾರ್ಮೆನ್ಸ್ ಫ್ಯಾಕ್ಟ್ ಶೀಟ್’ ಅನ್ನು ದಾಖಲಾತಿಗೆ ಮೊದಲೇ ವಿದ್ಯಾರ್ಥಿಯ ಕೈಗೆ ಕೊಟ್ಟು ಸಹಿ ಪಡೆಯಬೇಕು. ಸಾವು, ಸೆರೆವಾಸ, ಸೇನಾ ಸೇವೆ, ಮುಂದಿನ ಓದು ಹೀಗೆ ಯಾರನ್ನು ಲೆಕ್ಕದಿಂದ ಬಿಡಬಹುದು ಎಂಬುದನ್ನೂ ಕಾನೂನೇ ಹೇಳುತ್ತದೆ. ನಮ್ಮಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್ 13ರಂದು ಕೋಚಿಂಗ್ ಕ್ಷೇತ್ರದ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ಸುಳ್ಳು ಉದ್ಯೋಗ ಭರವಸೆ, ಖಚಿತ ಆಯ್ಕೆಯ ಮಾತು, ಒಪ್ಪಿಗೆಯಿಲ್ಲದೆ ವಿದ್ಯಾರ್ಥಿಗಳ ಫೋಟೊ, ‘ಇನ್ನು ಮೂರೇ ಸೀಟು’ ಎಂಬ ಸುಳ್ಳು ಅವಸರ, ಇವಕ್ಕೆಲ್ಲ ಅದರಲ್ಲಿ ತಡೆಯಿದೆ. ಆದರೆ ಪ್ಲೇಸ್‌ಮೆಂಟ್ ಶೇಕಡಾವಾರನ್ನು ಹೇಗೆ ಲೆಕ್ಕ ಹಾಕಬೇಕೆಂಬ ಸೂತ್ರವಿಲ್ಲ. ಸುಳ್ಳು ಹೇಳಬೇಡಿ ಎಂದರೆ ಸಾಲದು. ಭಾಗಿಸುವ ಸಂಖ್ಯೆ ಯಾವುದೆಂದು ನಿಯಮವೇ ಹೇಳದಿದ್ದರೆ ಅದನ್ನು ಆರಿಸುವವರು ಸಂಸ್ಥೆಯವರೇ ಆಗುತ್ತಾರೆ.

ಮೊದಲು ಸಾಲ

‘ಕಂತ ಕಟ್ಟೂದು ಬಂದ್ ಮಾಡಿಬಿಟ್ರ ಹೆಂಗ್ರೀ?’ ಎಂದರು ತಂದೆ. ಬೇಡವೆಂದೆವು. ಸಂಸ್ಥೆಯ ಮೇಲಿನ ಸಿಟ್ಟನ್ನು ಸಾಲದ ಮೇಲೆ ತೀರಿಸಿಕೊಳ್ಳಲು ಹೋಗಿ ಬಹಳ ಮಂದಿ ಇಲ್ಲೇ ಎಡವುತ್ತಾರೆ. ಕಂತು ತಪ್ಪಿದರೆ ಬೌನ್ಸ್ ಶುಲ್ಕ, ವಸೂಲಿ ಕರೆಗಳು, ಸಿಬಿಲ್ ವರದಿಯಲ್ಲಿ (ಸಾಲ ತೀರಿಸಿದ ಚರಿತ್ರೆಯ ದಾಖಲೆ) ಕಲೆ. ಖಾತೆಯಲ್ಲಿ ಹಣವಿಲ್ಲದೆ ಆಟೊ ಡೆಬಿಟ್ ಮರಳಿದರೆ, ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಯ 25ನೇ ಕಲಂ ಪ್ರಕಾರ ಚೆಕ್ ಬೌನ್ಸ್‌ನಂತೆಯೇ ಕ್ರಿಮಿನಲ್ ಮೊಕದ್ದಮೆಗೂ ದಾರಿಯಿದೆ. ಇಬ್ಬರ ಹೆಸರೂ ಸಾಲದಲ್ಲಿರುವುದರಿಂದ ಪೆಟ್ಟು ಇಬ್ಬರಿಗೂ.

ಬದಲಿಗೆ, ಸಾಲ ಕೊಟ್ಟ ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಇ-ಮೇಲ್ ಬರೆಸಿದೆವು. ಸಾಲದ ಕರಾರು, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರಗಳ ಪತ್ರ), ಹಣ ಯಾವ ದಿನ ಯಾರ ಖಾತೆಗೆ ಎಷ್ಟು ಹೋಯಿತು ಎಂಬ ದಾಖಲೆ ಕೇಳುವುದು, ಸಾಲ ಮಾಡಿಸಿದ್ದು ಯಾವ ಭರವಸೆಯ ಮೇಲೆ ಎಂದು ತಿಳಿಸುವುದು. ‘ಬಡ್ಡಿಯಿಲ್ಲದ ಕಂತು’ ಎನ್ನುವಲ್ಲೆಲ್ಲ ಬಡ್ಡಿಯನ್ನು ಸಂಸ್ಥೆ ಮುಂಗಡವಾಗಿ ಮುರಿದುಕೊಟ್ಟಿರುತ್ತದೆ. ಹೀಗಾಗಿ ಸಂಸ್ಥೆಗೆ ಸೇರಿದ ಮೊತ್ತ 96,000ಕ್ಕಿಂತ ಕಡಿಮೆ ಇರುತ್ತದೆ. ಸಂಸ್ಥೆ ಮತ್ತು ಸಾಲದ ಕಂಪನಿಯ ನಡುವಿನ ವ್ಯವಹಾರ ಎಷ್ಟು ಹತ್ತಿರದ್ದು ಎಂದು ತೋರಿಸಲು ಆ ಅಂಕಿ ಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ, ಶುಲ್ಕವಿಲ್ಲದೆ ದೂರು ಕೊಡಬಹುದು.

ಸಾಕ್ಷ್ಯ ಕೂಡಿಸುವುದು

ಇದಕ್ಕೆ ಅವಸರ ಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಜಾಹೀರಾತು ಸಂಗ್ರಹವಾದ ಆ್ಯಡ್ ಲೈಬ್ರರಿಯಲ್ಲಿ ಇಂಥ ಜಾಹೀರಾತುಗಳು ಓಡುತ್ತಿರುವಷ್ಟು ದಿನ ಮಾತ್ರ ನಮಗೆ ಕಾಣುತ್ತವೆ, ನಿಲ್ಲಿಸಿದರೆ ಹೋದವು. ಅವತ್ತೇ ಸ್ಕ್ರೀನ್ ರೆಕಾರ್ಡ್ ಮಾಡಿಸಿದೆವು: ಪುಟದ ವಿಳಾಸ, ದಿನಾಂಕ, ಜಾಹೀರಾತಿನ ಐಡಿ, ಮೂರೂ ಒಂದೇ ಓಟದಲ್ಲಿ ಕಾಣುವಂತೆ. ವಾಟ್ಸ್‌ಆ್ಯಪ್ ಮಾತುಕತೆಯನ್ನು ಬಿಡಿ ಸ್ಕ್ರೀನ್‌ಶಾಟ್‌ಗಳಲ್ಲಿ ಹಿಡಿಯುವ ಬದಲು ಮೀಡಿಯಾ ಸಮೇತ ‘ಎಕ್ಸ್‌ಪೋರ್ಟ್’ ಮಾಡಿ ತಮಗೇ ಇ-ಮೇಲ್ ಮಾಡಿಕೊಳ್ಳಲು ಹೇಳಿದೆವು. ಅದರಲ್ಲಿ ಪ್ರವೇಶ ವಿಭಾಗದವರ ಧ್ವನಿ ಸಂದೇಶವೊಂದಿತ್ತು: ‘ಪಿಯುಸಿ ಮಾರ್ಕ್ಸ್ ಯಾರೂ ಕೇಳಲ್ಲಮ್ಮ, ನಾವಿದ್ದೀವಲ್ಲ.’ ಫೋನ್ ಬದಲಿಸುವುದಾಗಲಿ ರೀಸೆಟ್ ಮಾಡುವುದಾಗಲಿ ಕೂಡದು ಎಂದೂ ಎಚ್ಚರಿಸಿದೆವು. ಎಲೆಕ್ಟ್ರಾನಿಕ್ ದಾಖಲೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಸಾಧನ ಮುಖ್ಯ. ಗ್ರಾಹಕ ಆಯೋಗಗಳು ಈ ವಿಷಯದಲ್ಲಿ ಅಷ್ಟು ಬಿಗಿಯಲ್ಲ, ಆದರೂ ಎದುರು ವಕೀಲರ ಬಾಯಿಗೆ ಮಾತು ಕೊಡುವುದೇಕೆ.

ನೋಟಿಸ್ ಮತ್ತು ದೂರುಗಳು

ನೋಟಿಸ್ ಒಂದೇ ಪುಟ. ಜಾಹೀರಾತಿನಲ್ಲಿ ಹೇಳಿದ್ದು, ಅಂಕಪಟ್ಟಿ ಪಡೆದ ತಾರೀಖು, ಅನರ್ಹತೆಯ ಇ-ಮೇಲ್‌ನ ತಾರೀಖು, ಕಟ್ಟಿದ ಮೊತ್ತ, ಕೇಳುವ ಮೊತ್ತ, ಹದಿನೈದು ದಿನದ ಗಡುವು. ಜೊತೆಗೆ ಅವರ ಬ್ಯಾಚಿನ ಪ್ಲೇಸ್‌ಮೆಂಟ್ ವಿವರ ಕೊಡಿ ಎಂಬ ಬೇಡಿಕೆ. ಕೊಡುವುದಿಲ್ಲವೆಂದು ಗೊತ್ತಿದ್ದೇ ಕೇಳುವುದು. ಕೊಡದಿದ್ದದ್ದೂ ಮುಂದೆ ಉಪಯೋಗಕ್ಕೆ ಬರುತ್ತದೆ. ವಿಳಾಸವನ್ನು ಬೋರ್ಡಿನಿಂದ ಬರೆದುಕೊಳ್ಳಬೇಡಿ. ರಸೀದಿಯಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಕಾನೂನುಬದ್ಧ ಹೆಸರು, ನೋಂದಾಯಿತ ವಿಳಾಸ ಎರಡೂ ಸಿಗುತ್ತವೆ. ಇಲ್ಲಿ ಬೋರ್ಡಿನ ಹೆಸರೇ ಬೇರೆ, ರಸೀದಿಯ ಹೆಸರೇ ಬೇರೆ ಇತ್ತು. ತಪ್ಪು ಹೆಸರಿಗೆ ಹೋದ ನೋಟಿಸ್ ವ್ಯರ್ಥ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು, ದೂರಿಗೆ ಡಾಕೆಟ್ (ನೋಂದಣಿ) ಸಂಖ್ಯೆ ಸಿಗುತ್ತದೆ. ಆದರೆ ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರವಿಲ್ಲ. ಈ ಪ್ರಕರಣದಲ್ಲಿ ಸಂಸ್ಥೆ ಕರಾರಿನ ಪ್ರತಿಯನ್ನು ಅಂಟಿಸಿ ಉತ್ತರ ಕೊಟ್ಟಿತು, ದೂರು ಮುಗಿದಂತಾಯಿತು. ಅಲ್ಲಿಗೆ ಕೈಚೆಲ್ಲಬೇಕಿಲ್ಲ, ಸಂಸ್ಥೆಯ ಆ ಉತ್ತರವೂ ಕಡತಕ್ಕೆ ಸೇರುತ್ತದೆ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಅಥವಾ ಗ್ರಾಹಕ ರಕ್ಷಣಾ ಕಾಯ್ದೆಯ 17ನೇ ಕಲಮಿನಡಿ ಜಿಲ್ಲಾಧಿಕಾರಿಗೆ ದೂರು ಕೊಡುವುದು ಬೇರೆಯದೇ ದಾರಿ. ಪ್ರಾಧಿಕಾರ ಜಾಹೀರಾತು ನಿಲ್ಲಿಸಬಹುದು, ಮೊದಲ ಸಲ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆ ದಂಡದಲ್ಲಿ ಒಂದು ರೂಪಾಯಿಯೂ ದೂರುದಾರರಿಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಜನ ಆರು ತಿಂಗಳು ಕಾದು ಬೇಸರಪಟ್ಟುಕೊಳ್ಳುತ್ತಾರೆ. ‘ನಮ್ಮದು ಕೋಚಿಂಗ್ ಅಲ್ಲ, ಸ್ಕಿಲ್ ಟ್ರೈನಿಂಗ್’ ಎಂಬ ಸಬೂಬು ಬಂದರೆ, ಎಲ್ಲ ಜಾಹೀರಾತುಗಳಿಗೂ ಅನ್ವಯಿಸುವ 2022ರ ಜೂನ್ 9ರ ಮಾರ್ಗಸೂಚಿ ಇದೆ. ಷರತ್ತಿನ ಸಾಲು ಮುಖ್ಯ ಘೋಷಣೆಯ ಭಾಷೆಯಲ್ಲೇ ಇರಬೇಕು, ಘೋಷಣೆಯನ್ನೇ ಅಲ್ಲಗಳೆಯುವಂತಿರಬಾರದು ಎನ್ನುತ್ತದೆ ಅದು. ಕನ್ನಡದ ಗ್ಯಾರಂಟಿಗೆ ಇಂಗ್ಲಿಷ್ ಕರಾರಿನ ಒಂಬತ್ತನೇ ಪುಟದಲ್ಲಿ ಷರತ್ತು ಅಡಗಿಸಿಟ್ಟದ್ದು ಎರಡಕ್ಕೂ ವಿರುದ್ಧ.

ಹಣ ವಾಪಸ್ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ. ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದಾಖಲಿಸಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ. ಸಂಸ್ಥೆ ಒಂದನೇ ಎದುರುದಾರ, ಸಾಲದ ಕಂಪನಿ ಎರಡನೆಯದು. ಕಂತು ವಸೂಲಿಗೆ ತಡೆ ಕೇಳುವುದಿದ್ದರೆ 38(8)ರ ಅಡಿ ಮಧ್ಯಂತರ ಅರ್ಜಿ ಜೊತೆಗೇ ಹಾಕಬೇಕು. ಮಾನಸಿಕ ಯಾತನೆಗೆ ಐದು ಲಕ್ಷ, ಹತ್ತು ಲಕ್ಷ ಎಂದು ಬಾಯಿಗೆ ಬಂದಷ್ಟು ಕೇಳುವ ಚಾಳಿಯಿಂದ ದೂರು ಹಗುರಾಗುತ್ತದೆ.

ಬರುವ ಆಕ್ಷೇಪಗಳು ಮುಖ್ಯವಾಗಿ ಎರಡು. ‘ನಾವು ಶಿಕ್ಷಣ ಸಂಸ್ಥೆ, ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲ’ ಎಂದು ಮನು ಸೋಲಂಕಿ ಪ್ರಕರಣವನ್ನು ಮುಂದೆ ಹಿಡಿಯುತ್ತಾರೆ. 2020ರ ಜನವರಿಯ ಆ ತೀರ್ಪಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಶಿಕ್ಷಣ ಸಂಸ್ಥೆಗಳನ್ನು, ವೃತ್ತಿ ಕೋರ್ಸ್‌ಗಳನ್ನೂ ಸೇರಿಸಿ, ಹೊರಗಿಟ್ಟದ್ದು ನಿಜ. ಆದರೆ ಕೋಚಿಂಗ್ ಸಂಸ್ಥೆಗಳಿಗೆ ಆ ರಕ್ಷಣೆ ಕೊಡಲಿಲ್ಲ. ವಿಶ್ವವಿದ್ಯಾಲಯದ ಸಂಯೋಜನೆಯಿಲ್ಲ, ಪದವಿ ಕೊಡುವುದಿಲ್ಲ, ಶೇ 18 ಜಿಎಸ್‌ಟಿ ವಸೂಲಿ ಮಾಡಿದ್ದಾರೆ ಎಂಬ ಮೂರು ಅಂಶ ದೂರಿನಲ್ಲೇ ಬರೆದಿಡಬೇಕು. ಎರಡನೆಯದು, ಕರಾರಿನಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಷರತ್ತಿದೆ, ಅಂದರೆ ವ್ಯಾಜ್ಯವನ್ನು ಮಧ್ಯಸ್ಥಗಾರರೇ ತೀರ್ಮಾನಿಸಬೇಕು ಎಂಬುದು. ಅಂಥ ಷರತ್ತು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ, ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ.

ರಾಜಿ

ದೂರಿನ ಕರಡು ಪ್ರತಿ ತಲುಪಿದ ಮೇಲೆ ಸಂಸ್ಥೆ ರಾಜಿಗೆ ಬಂತು. ಆ ಹೊತ್ತಿಗೆ ಒಂಬತ್ತು ಕಂತು ಸೇರಿ 76,300 ರೂಪಾಯಿ ಕಟ್ಟಿ ಆಗಿತ್ತು. ಉಳಿದ 24,000 ಸಾಲವನ್ನು ಸಂಸ್ಥೆಯೇ ತೀರಿಸಿ, 45,000 ವಾಪಸ್ ಕೊಡುವುದು ಎಂದಾಯಿತು. ಜಿಎಸ್‌ಟಿ ಸರ್ಕಾರಕ್ಕೆ ಹೋಗಿದೆ, ಮರಳಿಸಲಾಗದು ಎಂದು ಮೊದಲು ವಾದಿಸಿದರು. ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಪತ್ರ) ಕೊಟ್ಟು ಮುಂದಿನ ಹಣಕಾಸು ವರ್ಷದ ನವೆಂಬರ್ 30ರೊಳಗೆ ಹೊಂದಿಸಿಕೊಳ್ಳಲು ಅವರಿಗೆ ಅವಕಾಶವಿದೆ ಎಂದು ತೋರಿಸಿದ ಮೇಲೆ ಆ ಮಾತು ಬಿಟ್ಟರು. ಆಯೋಗದಲ್ಲಿ ಪೂರ್ತಿ ಮೊತ್ತ, ಬಡ್ಡಿ ಎರಡೂ ಸಿಗುವ ಸಾಧ್ಯತೆ ಇತ್ತೆಂದೇ ನಮ್ಮ ಅಭಿಪ್ರಾಯ. ಆದರೆ ಕಾಯ್ದೆ ಹೇಳುವ ಮೂರು ತಿಂಗಳಲ್ಲಿ ತೀರ್ಪು ಬರುವುದು ಅಪರೂಪ, ತಂದೆಗೆ ಕಂತಿನ ಭಾರ ಇಳಿಯುವುದು ಮುಖ್ಯವಾಗಿತ್ತು. ಆಯ್ಕೆ ಅವರದು, ಒಪ್ಪಿದರು.

ರಾಜಿಪತ್ರದ ಕರಡಿನಲ್ಲಿ ಮೂರು ಸಾಲು ಹೊಡೆದುಹಾಕಿಸಿದೆವು: ಗೂಗಲ್ ರಿವ್ಯೂ ಅಳಿಸಬೇಕು, ಯಾವ ಪ್ರಾಧಿಕಾರಕ್ಕೂ ಮಾಹಿತಿ ಕೊಡಬಾರದು, ‘ತರಬೇತಿ ತೃಪ್ತಿಕರವಾಗಿತ್ತು’. ಕ್ರಮವೂ ಮುಖ್ಯ: ಮೊದಲು ಸಂಸ್ಥೆ ಸಾಲದ ಖಾತೆಗೆ ಹಣ ಕಟ್ಟಬೇಕು, ಬಾಕಿ ಇಲ್ಲವೆಂಬ ಪತ್ರ ಕೈಗೆ ಬರಬೇಕು, ಆಟೊ ಡೆಬಿಟ್ ರದ್ದಾಗಬೇಕು, 45,000 ಖಾತೆಗೆ ಜಮೆಯಾಗಬೇಕು, ಸಹಿ ಕೊನೆಗೆ. ಸಾಲ ಮುಗಿದ ತಿಂಗಳ ನಂತರ ಸಿಬಿಲ್ ವರದಿ ತೆಗೆಸಿ ನೋಡಿದಾಗ ಖಾತೆಯ ಸ್ಥಿತಿ ‘ಸೆಟಲ್ಡ್’ ಎಂದು ಬಂದಿತ್ತು. ಪೂರ್ತಿ ಕಟ್ಟದೆ ರಾಜಿಯಾದ ಸಾಲ ಎಂಬ ಅರ್ಥ ಅದಕ್ಕೆ. ಮುಂದೆ ಮನೆ ಸಾಲಕ್ಕೆ ಹೋದರೂ ಅಡ್ಡ ಬರುತ್ತದೆ. ಬಾಕಿ ಇಲ್ಲವೆಂಬ ಪತ್ರ ಲಗತ್ತಿಸಿ ಸಾಲದ ಕಂಪನಿಗೂ ಸಿಬಿಲ್‌ಗೂ ತಕರಾರು ಹಾಕಿಸಿದೆವು. ಅದು ತಂದೆ, ಮಗಳು ಇಬ್ಬರ ವರದಿಯಲ್ಲೂ ‘ಕ್ಲೋಸ್ಡ್’ ಎಂದು ಬದಲಾದ ಮೇಲೆ ಕಡತ ಮುಚ್ಚಿದೆವು.