ನಿಮ್ಮ ‘ಇನ್‌ಕಸಿನಾತೊ’ ಲೇಖನದ ಬಗ್ಗೆ

ನಮಸ್ಕಾರ. ‘ಇನ್‌ಕಸಿನಾತೊ’ ಅನ್ನೋ ಇಟಾಲಿಯನ್ ಆಡುಪದದ ಬಗ್ಗೆ ಇಟಲಿಯ ತೊರೀನೋದಿಂದ ನೀವು ಕಳ್ಸಿದ್ದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಎಸೆಯೋಕೂ ಮನಸ್ಸು ಬರ್ತಿಲ್ಲ.

ಮೊದಲ್ನೇ ಸಾಲಲ್ಲೇ ‘ಇನ್‌ಕಸಿನಾತೊ ಅಂದ್ರೆ ಗಲೀಜು’ ಅಂತ ಬರ್ದು ಕೈ ತೊಳ್ಕೊಂಡಿದೀರ. ಗಲೀಜಿಗೆ ಇಟಲಿಯವರು ಸ್ಪೋರ್ಕೊ ಅಂತಾರೆ ಕಣ್ರೀ. ಇದು ಗಜಿಬಿಜಿ, ಗೋಜಲು, ನಮ್ಮ ಹುಡುಗ್ರು ‘ಎಲ್ಲಾ ಚಿತ್ರಾನ್ನ ಆಗೋಯ್ತು’ ಅಂತಾರಲ್ಲ, ಅದು. ಮನುಷ್ಯ ತನ್ನ ಬಗ್ಗೆನೇ ‘ಸೋನೊ ಇನ್‌ಕಸಿನಾತೊ’ ಅಂದ್ರೆ ಸ್ನಾನ ಮಾಡಿಲ್ಲ ಅಂತಲ್ಲ, ಕೆಲ್ಸ ತಲೆ ಮೇಲೆ ಬಿದ್ದಿದೆ, ಪುರುಸೊತ್ತಿಲ್ಲ ಅಂತ.

ಎರಡ್ನೇದು, ಪದ ಜೂಜಿನ ಕ್ಯಾಸಿನೋದಿಂದ ಬಂತು ಅಂದಿದೀರ. ಇಲ್ಲ. ಜೂಜಿನ ಮನೆಗೆ ಅಲ್ಲಿ ‘ಕಸಿನೋ’ ಅಂತ ಕೊನೇ ಅಕ್ಷರಕ್ಕೆ ಒತ್ತು ಕೊಟ್ಟು ಹೇಳ್ತಾರೆ. ಇದ್ರ ಬೇರು ‘ಕಸೀನೊ’, ಒತ್ತು ನಡುವಲ್ಲಿ. ಕಾಸಾ ಅಂದ್ರೆ ಮನೆ, ಅದ್ರ ಪುಟ್ಟ ರೂಪ ಕಸೀನೊ, ಆಮೇಲೆ ಅದೇ ಸೂಳೆಮನೆಗೆ ಹೆಸರಾಯ್ತು, ಅಲ್ಲಿನ ಗದ್ದಲದಿಂದ ‘ಗಲಾಟೆ, ರಾದ್ಧಾಂತ’ ಅನ್ನೋ ಅರ್ಥ ಬಂತು. 1958ರಲ್ಲಿ ಸೆನೆಟರ್ ಲೀನಾ ಮೆರ್ಲಿನ್ ಹೆಸರಿನ ಕಾನೂನು ಬಂದು ಸರ್ಕಾರಿ ಪರವಾನಗಿಯ ಆ ಮನೆಗಳಿಗೆಲ್ಲಾ ಬೀಗ ಬಿತ್ತು, ಪದಕ್ಕೆ ಮಾತ್ರ ಬೀಗ ಬೀಳ್ಲಿಲ್ಲ. ಈಗ ಸ್ನೇಹಿತರ ಮಧ್ಯೆ ‘ಕೆ ಕಸೀನೊ!’ (ಏನ್ ರಾದ್ಧಾಂತ!) ಅಂತ ಆರಾಮಾಗಿ ಅಂತಾರೆ, ಆದ್ರೆ ಪ್ರೊಫೆಸರ್‌ಗೆ ಬರೆಯೋ ಮೇಲ್‌ನಲ್ಲಿ ಮಾತ್ರ ಬೇಡ, ಅಲ್ಲಿಗೆ ‘ದಿಸೊರ್ದಿನಾತೊ’, ಅಂದ್ರೆ ಅಸ್ತವ್ಯಸ್ತ, ಅನ್ನೋ ಪದ ಇದೆ.

‘ಮಿ ಪ್ಯಾಚೆ ಉನ್ ಕಸೀನೊ’ ಅಂದ್ರೆ ಸಿಕ್ಕಾಪಟ್ಟೆ ಇಷ್ಟ. ಇದನ್ನ ನೀವು ಬಿಟ್ಟೇ ಬಿಟ್ಟಿದೀರ, ನಂಗೆ ಬೇಜಾರಾಗಿದ್ದು ಇಲ್ಲೇ. ನಮ್ಮ ಸಿಕ್ಕಾಪಟ್ಟೆನೂ ಅಡ್ಡಾದಿಡ್ಡಿ ಅನ್ನೋ ಅರ್ಥದಿಂದ ‘ತುಂಬಾ’ ಕಡೆಗೆ ಜಾರಿದ ಪದ ತಾನೇ? ಕನ್ನಡದಲ್ಲಿ ಬರೀತಾ ಇರೋರಿಗೆ ಇದು ಕೈಗೆ ಸಿಗೋ ಮಾವಿನಕಾಯಿ, ಕಲ್ಲು ಹೊಡೆಯೋದೂ ಬೇಡ.

ಮೂರ್ನೇ ಪ್ಯಾರಾದಲ್ಲಿ ‘ಇನ್‌ಕತ್ಸಾತೊ’ ಅಂತ ಟೈಪ್ ಆಗಿದೆ. ಅದು ಬೇರೇನೇ ಪದ ಮಾರಾಯ್ರೇ, ‘ಸಿಟ್ಟಲ್ಲಿ ಉರೀತಿದೀನಿ’ ಅಂತ, ಅದೂ ಬೈಗುಳದ ಬೇರಿಂದ ಬಂದಿದ್ದು. ಹಾಗೇನೇ ವೀತಾ, ಅಂದ್ರೆ ಬದುಕು, ಸ್ತ್ರೀಲಿಂಗ, ಹಂಗಾಗಿ ‘ಲಾ ಮಿಯಾ ವೀತಾ ಎ ಇನ್‌ಕಸಿನಾತಾ’ (ನನ್ನ ಬದುಕು ಗೋಜಲಾಗಿದೆ) ಆಗ್ಬೇಕು.

ಉಳಿದ ಡಿಕ್ಷನರಿ ಭಾಗ ಅರ್ಧಕ್ಕಿಂತ ಹೆಚ್ಚು ಕತ್ತರ್ಸಿ. ಜೀವ ಇರೋದು ನಾಲ್ಕನೇ ಪುಟದಲ್ಲಿ: ಕಾಫಿಗೆ ಕರೆದಾಗ ಕ್ಲಾಸ್‌ಮೇಟ್ ಹುಡ್ಗಿ ‘ಸೋನೊ ಇನ್‌ಕಸಿನಾತಾ’ ಅಂತ ಮೆಸೇಜ್ ಹಾಕಿದ್ದು, ನೀವು ಅವಳ ರೂಮು ಗಲೀಜಾಗಿದೆ ಅಂದ್ಕೊಂಡು ‘ಕ್ಲೀನ್ ಮಾಡೋಕೆ ಬರ್ಲಾ?’ ಅಂತ ಕೇಳಿದ್ದು. ನಾನು ಆಫೀಸಲ್ಲಿ ಒಬ್ಬನೇ ನಕ್ಕೆ. ಲೇಖನ ಅಲ್ಲಿಂದನೇ ಶುರು ಮಾಡಿ, 700 ಪದದೊಳಗೆ ಮುಗ್ಸಿ, ಮುಂದಿನ ಶುಕ್ರವಾರಕ್ಕೆ ಕಳ್ಸಿ.

ಅಂದಂಗೆ ಅವಳು ಏನ್ ಉತ್ತರ ಕೊಟ್ಲು, ಕೊನೆಗೆ ಕಾಫಿಗೆ ಬಂದ್ಲಾ ಇಲ್ವಾ? ಅದನ್ನೇ ಬರ್ದಿಲ್ಲ ನೀವು.