ಬ್ರೆಡ್ಡೂ ಸಿಹಿ, ಏನು ಕೊಳ್ಳಲಿ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಮಂಡ್ಯದಿಂದ ಅಟ್ಲಾಂಟಾಕ್ಕೆ ಬಂದಿದ್ದೇವೆ, ಇನ್ನೂ ನಾಲ್ಕು ತಿಂಗಳು ಇರಬೇಕು. ಯಜಮಾನರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದೆ. ಇಲ್ಲಿ ಬ್ರೆಡ್ ಕೂಡ ಸಿಹಿ, ಡಬ್ಬಿಯ ಸೂಪ್ ಬರೀ ಉಪ್ಪು ಅಂತ ಅವರ ದೂರು. “ಅಮೆರಿಕದ ಊಟವೇ ರೋಗ” ಎಂದು ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾರೆ. ಏನು ನೋಡಿ ಕೊಳ್ಳಲಿ?
– ಓದುಗರೊಬ್ಬರು

ಉತ್ತರ: ಅಮ್ಮ, ನಿಮ್ಮ ಯಜಮಾನರ ನಾಲಿಗೆ ಸರಿಯಾಗಿಯೇ ಹೇಳಿದೆ. ಇಲ್ಲಿ ಬ್ರೆಡ್‌ಗೆ ಸಕ್ಕರೆಯನ್ನೋ ಜೇನನ್ನೋ ಹಾಕುವುದು ಸಾಮಾನ್ಯ. 22 ವರ್ಷದ ಹಿಂದೆ ಈ ಊರಿಗೆ ಬಂದ ಹೊಸದರಲ್ಲಿ, ಕಂದು ಬಣ್ಣ ನೋಡಿ ಗೋಧಿಯದೆಂದು ನಂಬಿ ಒಂದು ಬ್ರೆಡ್ಡನ್ನು ತಿಂಗಳುಗಟ್ಟಲೆ ನಮ್ಮ ಮಾವನವರಿಗೆ ಕೊಟ್ಟೆ. ಅವರಿಗೂ ಸಕ್ಕರೆ ಕಾಯಿಲೆ. ಒಂದು ದಿನ ಪ್ಯಾಕೆಟ್ ತಿರುಗಿಸಿದರೆ ಮೊದಲ ಹೆಸರೇ “ಎನ್‌ರಿಚ್ಡ್ ವೀಟ್ ಫ್ಲೋರ್”. ಅಂದರೆ ಮೈದಾ. ಬಣ್ಣ ಬಂದದ್ದು ಕಾಕಂಬಿಯಿಂದ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಪ್ಯಾಕೆಟ್ಟಿನ ಹಿಂಬದಿ ಓದಿ. ಯಾವುದರ ತೂಕ ಹೆಚ್ಚೋ ಅದರ ಹೆಸರು ಮೊದಲು ಬರಬೇಕು ಎಂಬುದು ಇಲ್ಲಿಯ ನಿಯಮ. ಮೊದಲು “ಹೋಲ್ ವೀಟ್ ಫ್ಲೋರ್”, ಅಂದರೆ ಇಡೀ ಗೋಧಿಯ ಹಿಟ್ಟು, ಇರಲಿ. ಅಲ್ಲೇ ಇರುವ ಚೌಕದಲ್ಲಿ “ಆ್ಯಡೆಡ್ ಶುಗರ್ಸ್”, ಅಂದರೆ ಮೇಲಿಂದ ಬೆರೆಸಿದ ಸಕ್ಕರೆ, ಎಂಬ ಸಾಲಿದೆ. ಇಲ್ಲಿಯ ಆಹಾರ, ಔಷಧಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರಲ್ಲಿ ತಂದ ಈ ಸಾಲು ದೊಡ್ಡ ಕಂಪನಿಗಳಿಗೆ 2020ರಿಂದ ಕಡ್ಡಾಯ. 4 ಗ್ರಾಂ ಅಂದರೆ ಒಂದು ಟೀ ಚಮಚ ಸಕ್ಕರೆ. ಅಲ್ಲಿ ಸೊನ್ನೆ ಇದ್ದರೂ ನಿಮ್ಮವರು “ಟೋಟಲ್ ಕಾರ್ಬೋಹೈಡ್ರೇಟ್” (ಪಿಷ್ಟ, ಸಕ್ಕರೆ ಎಲ್ಲ ಸೇರಿದ ಲೆಕ್ಕ) ನೋಡಲೇಬೇಕು; “ಶುಗರ್ ಫ್ರೀ” ಬಿಸ್ಕತ್ತಿನ ಮೈದಾ ಕೂಡ ಮೈಯಲ್ಲಿ ಸಕ್ಕರೆಯೇ ಆಗುತ್ತದೆ.

ಸೂಪಿನ ಡಬ್ಬಿಯಲ್ಲಿ ಮೊದಲು “ಸರ್ವಿಂಗ್”, ಅಂದರೆ ಎಷ್ಟು ಪಾಲು, ಎಂದು ನೋಡಿ. ಎರಡು ಎಂದಿದ್ದು, ಇಡೀ ಡಬ್ಬಿ ಒಬ್ಬರೇ ಕುಡಿದರೆ ಉಪ್ಪಿನಲ್ಲಿರುವ ಸೋಡಿಯಂನ ಲೆಕ್ಕವೂ ಇಮ್ಮಡಿ. ದಿನಕ್ಕೆ ಸೋಡಿಯಂ 2,300 ಮಿ.ಗ್ರಾಂ ಮೀರಬಾರದು, ಅದು ಸುಮಾರು ಒಂದು ಟೀ ಚಮಚ ಉಪ್ಪು. ಡಬ್ಬಿಯ ಕಾಳಾದರೆ ನೀರು ಬಸಿದು ನಲ್ಲಿಯ ಕೆಳಗೆ ತೊಳೆಯಿರಿ, ಉಪ್ಪು ಸಾಕಷ್ಟು ಹೋಗುತ್ತದೆ.

ಆದರೆ “ಅಮೆರಿಕದ ಊಟವೇ ರೋಗ” ಎಂಬ ಮಾತನ್ನು ನಾನು ಒಪ್ಪಲಾರೆ. ನೀವಿರುವುದು ಜಾರ್ಜಿಯಾ ರಾಜ್ಯದಲ್ಲಿ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಹೊಸ ವರ್ಷದ ದಿನ “ಬ್ಲ್ಯಾಕ್ ಐಡ್ ಪೀಸ್” ಮತ್ತು ಕೊಲಾರ್ಡ್ ಸೊಪ್ಪು ತಿಂದರೆ ಶುಭ ಎಂಬ ನಂಬಿಕೆ. ಆ ಕಾಳು ನಮ್ಮ ಅಲಸಂದೆಯೇ! ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಎಳೆತಂದ ಜನರ ಜೊತೆ ಬಂದದ್ದು. ಕೊಲಾರ್ಡ್ ನವಿಲುಕೋಸಿನ ಬಳಗದ ಸೊಪ್ಪು, ಅಗಲ ಎಲೆ, ಗಟ್ಟಿ ದಂಟು. ಎಲೆಯನ್ನು ಉದ್ದಕ್ಕೆ ಮಡಚಿ ನಡುದಂಟನ್ನು ಒಂದೇ ಎಳೆತಕ್ಕೆ ಕಿತ್ತು, ನಾಲ್ಕೈದು ಎಲೆ ಒಟ್ಟಿಗೆ ಸುರುಳಿ ಸುತ್ತಿ ಹೆಚ್ಚುವುದನ್ನು ಪಕ್ಕದ ಮನೆಯ ಅಜ್ಜಿ ನನಗೆ ಕಲಿಸಿದರು. ಅವರು ಅದಕ್ಕೆ ಹೊಗೆಯಾಡಿಸಿದ ಹಂದಿಮಾಂಸ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ನಾನು ಒಣ ಅಲಸಂದೆ ಅರೆಬೆಂದ ಮೇಲೆ ಸೊಪ್ಪು ಹಾಕಿ, ಕಟ್ಟು ಬಸಿದು ಬಸ್ಸಾರು ಮಾಡುತ್ತೇನೆ, ಮಿಕ್ಕದ್ದು ಪಲ್ಯ. ನಿಮ್ಮ ಯಜಮಾನರಿಗೆ ಅದನ್ನು ಬಡಿಸಿ ನೋಡಿ; ಉಪ್ಪು ನಿಮ್ಮ ಕೈಯಲ್ಲಿರುತ್ತದೆ. ಮುದ್ದೆ ಮಾತ್ರ ಸಣ್ಣದಿರಲಿ. ಅವರು ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಮಾತ್ರೆ ನುಂಗುತ್ತಿದ್ದರೆ, ಈ ಸೊಪ್ಪಿನಲ್ಲಿ ವಿಟಮಿನ್ ಕೆ ಬಹಳ, ಮೊದಲು ವೈದ್ಯರನ್ನು ಕೇಳಿ.