ಜಿಲ್ಲೆಗೆ ವಾಡಿಕೆ ಮಳೆ, ನಮ್ಮ ಹೊಲಕ್ಕೆ ಏಕಿಲ್ಲ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿ. ಜಿಲ್ಲೆಯಲ್ಲಿ ವಾಡಿಕೆ ಮಳೆಯಾಗಿದೆ ಎಂದು ಸುದ್ದಿ ಬರುತ್ತದೆ. ನಮ್ಮೂರಿನ ಶೇಂಗಾ ಹೊಲ ನೋಡಿದರೆ ಬಾಡಿ ನಿಂತಿರುತ್ತದೆ. ಯಾವುದನ್ನು ನಂಬಬೇಕೆಂದು ಮಕ್ಕಳು ಕೇಳುತ್ತಾರೆ. ಮಳೆ, ಅಂತರ್ಜಲ, ಹವಾಮಾನದ ಬಗ್ಗೆ ಅಂತರ್ಜಾಲದಲ್ಲಿ ಭರವಸೆಯ ಮಾಹಿತಿ ಎಲ್ಲಿದೆ?

ಉತ್ತರ: ಮಕ್ಕಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಎರಡೂ ನಿಜವಿರಬಹುದು. ಸರಾಸರಿಗಿಂತ ಶೇ 19ರಷ್ಟು ಕಡಿಮೆ ಬಿದ್ದರೂ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ‘ವಾಡಿಕೆ’ಯೇ. ಮುಂಗಾರಿನ ಲೆಕ್ಕವನ್ನು ಜೂನ್ 1ರಿಂದ ಕೂಡಿಸುತ್ತಾ ಹೋಗುತ್ತಾರೆ. ಮೊದಲ ವಾರ ಭರ್ಜರಿಯಾಗಿ ಸುರಿದು, ಮುಂದಿನ ಮೂರು ವಾರ ಕೈಕೊಟ್ಟರೂ ಮೊತ್ತ ಚೆನ್ನಾಗಿಯೇ ಕಾಣುತ್ತದೆ. ಹೂವಿಗೆ ಬಂದ ಶೇಂಗಾಕ್ಕೆ ಆ ಮೊತ್ತದಿಂದ ಏನು ಪ್ರಯೋಜನ?

ಆದ್ದರಿಂದ ಮೊದಲು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲತಾಣವನ್ನು ತೆರೆಯಿರಿ. ಬರದ ಮೇಲೆ ಕಣ್ಣಿಡಲೆಂದು 1988ರಲ್ಲಿ ಹುಟ್ಟಿದ ಸಂಸ್ಥೆಯಿದು. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇದರ ಸ್ವಯಂಚಾಲಿತ ಮಳೆಮಾಪಕಗಳಿವೆ. ನಿಮ್ಮ ಹೋಬಳಿಯ ಮಳೆಯನ್ನೂ ಜಿಲ್ಲೆಯ ಸರಾಸರಿಯನ್ನೂ ಅಕ್ಕಪಕ್ಕ ಬರೆಯಿಸಿದರೆ ಮಕ್ಕಳಿಗೆ ಅರ್ಧ ಉತ್ತರ ಸಿಕ್ಕಂತೆ. ಒಂದು ಎಚ್ಚರ: ‘ಇಂದಿನ ಮಳೆ’ ಎಂದರೆ ನಿನ್ನೆ ಬೆಳಿಗ್ಗೆ 8.30ರಿಂದ ಇಂದು ಬೆಳಿಗ್ಗೆ 8.30ರವರೆಗೆ ಬಿದ್ದದ್ದು.

ಮುನ್ಸೂಚನೆಗೆ ಭಾರತೀಯ ಹವಾಮಾನ ಇಲಾಖೆಯ ತಾಣವೇ ಮೇಲು. ಅಲ್ಲಿನ ಮಾತುಗಳಿಗೆ ಅಳತೆ ಇದೆ. ‘ಒಂದೆರಡು ಕಡೆ’ ಮಳೆ ಎಂದರೆ ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಾತ್ರ. ‘ಬಹುತೇಕ ಕಡೆ’ ಎಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಡೆ. ‘ಭಾರಿ ಮಳೆ’ ಎನ್ನಲು ಒಂದು ದಿನದಲ್ಲಿ 64.5 ಮಿಲಿಮೀಟರ್ ಆದರೂ ಬೀಳಬೇಕು. ಇಷ್ಟು ತಿಳಿಯದೆ ಮುನ್ಸೂಚನೆ ಸುಳ್ಳಾಯಿತೆಂದು ದೂರುವವರೇ ಹೆಚ್ಚು. ಬಿತ್ತನೆ, ಔಷಧ ಸಿಂಪಡಣೆಯ ಸಲಹೆಗೆ ‘ಮೇಘದೂತ್’ ಆ್ಯಪ್ ಇದೆ. ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊಸ ಸಲಹೆ ಬರುತ್ತದೆ. ಸಿಡಿಲಿಗೆ ‘ದಾಮಿನಿ’. ಹೊಲಕ್ಕೆ ಹೋಗುವ ಪ್ರತಿಯೊಬ್ಬರ ಮೊಬೈಲ್‌ನಲ್ಲೂ ಇದು ಇರಲೇಬೇಕೆಂಬುದು ನನ್ನ ಕಳಕಳಿ.

ಅಂತರ್ಜಲದ ಅಂಕಿಅಂಶ ಕೇಂದ್ರ ಸರ್ಕಾರದ ‘ಇಂಡಿಯಾ ವ್ರಿಸ್’ ತಾಣದಲ್ಲಿದೆ. ಅಲ್ಲಿ ಬಾವಿಯ ನೀರನ್ನು ನೆಲಮಟ್ಟದಿಂದ ಎಷ್ಟು ಮೀಟರ್ ಕೆಳಗೆ ಎಂದು ಅಳೆದಿರುತ್ತಾರೆ. 6 ಇದ್ದದ್ದು 11 ಆದರೆ ನೀರು ಏರಿಲ್ಲ, ಇಳಿದಿದೆ. ಅಲ್ಲದೆ ವೀಕ್ಷಣಾ ಬಾವಿಗಳಲ್ಲಿ ಆಳವಿಲ್ಲದ ತೆರೆದ ಬಾವಿಗಳೂ ಇವೆ. ಅವುಗಳ ನೀರನ್ನು ನೋಡಿ ಊರಿನ ಆಳದ ಕೊಳವೆಬಾವಿಯ ಗತಿಯನ್ನು ಹೇಳಲಾಗದು.

ಹವಾಮಾನ ಬದಲಾವಣೆಯ ವಿಷಯದಲ್ಲಿ ಆತುರ ಬೇಡ. ಒಂದು ಬರಗಾಲದಿಂದ ಏನನ್ನೂ ತೀರ್ಮಾನಿಸಲಾಗದು. ಕನಿಷ್ಠ 30 ವರ್ಷಗಳ ದಾಖಲೆ ಬೇಕು. ಪುಣೆಯ ಹವಾಮಾನ ಇಲಾಖೆ ಕಚೇರಿ 2022ರಲ್ಲಿ ಹೊರತಂದ ಹವಾಮಾನ ಅಪಾಯಗಳ ಅಟ್ಲಾಸ್‌ನಲ್ಲಿ ಬರ, ಬಿಸಿಗಾಳಿ, ಸಿಡಿಲುಗಳ ಜಿಲ್ಲಾವಾರು ನಕ್ಷೆಗಳಿವೆ. ಭಾಷೆ ಇಂಗ್ಲಿಷ್ ಆದರೂ ಬಣ್ಣಗಳನ್ನು ನೋಡಿ ಚಿತ್ರದುರ್ಗವನ್ನು ಉಡುಪಿಯೊಂದಿಗೆ ಹೋಲಿಸುವುದು ಮಕ್ಕಳಿಗೆ ಕಷ್ಟವಾಗದು.